ಕೊನೆಯಲ್ಲಿ ಬಂದರೂ ಸಾಕೆಂದವರ ಕಾರು

(ಸಂಘದ ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಯಂತ್ರದ ವಿಷಯವಾಗಿ ಏನಾದರೂ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ಒಂದು ಮೋಟಾರು ಕಾರನ್ನು ಆರಿಸಿಕೊಂಡಿದ್ದೇವೆ. ಸ್ವಂತ ಕಾರು ಇಟ್ಟು ಗೊತ್ತಿಲ್ಲದವರು ಕಾರಿನ ಮಾತು ಆಡುವುದೇ ಎಂದು ಯಾರಾದರೂ ನಕ್ಕರೆ ನಗಲಿ. ಕುದುರೆ ಇಲ್ಲದವರೂ ಮಹಾಲಕ್ಷ್ಮಿಯ ರೇಸಿನ ಮಾತು ಆಡುವ ಊರು ಇದು.

ಆ ಕಾರಿನ ಹೆಸರು ಹಿಲ್ಮನ್ ಹಂಟರ್. 1968ರಲ್ಲಿ ಲಂಡನ್ನಿನಿಂದ ಆಸ್ಟ್ರೇಲಿಯದ ಸಿಡ್ನಿಯವರೆಗೆ ಹತ್ತು ಸಾವಿರ ಮೈಲುಗಳ ಒಂದು ಮೋಟಾರು ಓಟ ನಡೆಯಿತು. ಅದರಲ್ಲಿ ಗೆದ್ದ ಕಾರು ಇದು. ಇಲ್ಲಿ ಕುಳಿತವರಿಗೆ ಅದರಿಂದ ಏನಾಗಬೇಕೆಂದರೆ, ಆ ಓಟ ನಮ್ಮ ಮುಂಬಯಿಯ ಮೇಲೆಯೇ ಹಾದು ಹೋಯಿತು. ನೆಲದ ದಾರಿ ಇಲ್ಲಿಗೆ ಮುಗಿದು, ಕಾರುಗಳು ಹಡಗು ಹತ್ತಿದ್ದು ಇಲ್ಲಿಯೇ.

ಅದು ಡಿಸೆಂಬರು ತಿಂಗಳ ಮೊದಲ ವಾರ. ನಾವು ಆಗ ಹದಿಮೂರು ಹದಿನಾಲ್ಕರ ಹುಡುಗರು. ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವುದು, ರಾತ್ರಿ ಶಾಲೆಯಲ್ಲಿ ಕಾಗುಣಿತ ತಿದ್ದುವುದು. ಲಂಡನ್ನಿನ ಕಾರುಗಳು ಬಂದಿವೆಯಂತೆ, ಬಂದರಿನ ಕಡೆಗೆ ಹೋಗುತ್ತಿವೆಯಂತೆ ಎಂಬ ಸುದ್ದಿಯನ್ನು ಹಾಲಿನವನು ತಂದ. ಕೈಯ ಸಾಬೂನಿನ ನೀರನ್ನು ಚಡ್ಡಿಗೆ ಒರೆಸಿಕೊಂಡು ನಾವು ಮೂವರು ಓಡಿದೆವು. ಮರಳಿ ಬಂದಾಗ ಯಜಮಾನರು ಗಲ್ಲೆಯಿಂದ ಏಳದೆಯೇ ಅರ್ಧ ದಿನದ ಪಗಾರ ಕಡಿದರು. ಆ ಲೆಕ್ಕ ಇಂದಿಗೂ ಮರೆತಿಲ್ಲ. ಕಂಡದ್ದನ್ನೂ ಮರೆತಿಲ್ಲ.

ರಸ್ತೆಯ ಎರಡೂ ಬದಿ ಜನವೋ ಜನ. ನಡುವೆ ಒಂದೊಂದಾಗಿ ಬಂದ ಕಾರುಗಳು ನಾವು ಎಣಿಸಿದಂತೆ ಇರಲಿಲ್ಲ. ರೇಸಿನ ಕಾರೆಂದರೆ ನೆಲಕ್ಕೆ ಮೈಚಾಚಿಕೊಂಡು ಮಿಂಚುವ ವಸ್ತುವೆಂದು ತಿಳಿದಿದ್ದೆವು. ಬಂದವು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಜುಹೂ ಸಮುದ್ರಕ್ಕೆ ಹೋಗುವಂಥ ಕಾರುಗಳು. ಮೈತುಂಬ ಧೂಳು. ಒಂದಕ್ಕೆ ದೀಪ ಒಡೆದಿದೆ, ಇನ್ನೊಂದರ ಬಾಗಿಲಿಗೆ ಹಗ್ಗ ಬಿಗಿದಿದೆ. ಒಂದರಲ್ಲಿ ಚಾಲಕನ ಪಕ್ಕದ ದೊರೆ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಾನೆ. ನಮಗೆ ನಿರಾಶೆಯೇ ಆಯಿತು.

ಅಲ್ಲಿ ನಮಗೆ ಫಿಟ್ಟರಣ್ಣ ಸಿಕ್ಕರು. ನಮ್ಮ ಚಾಳಿನ ಕೆಳಗಿನ ಖೋಲಿಯವರು, ವಿಜಾಪುರದ ಕಡೆಯವರು, ಪರಳದ ಒಂದು ಮಿಲ್ಲಿನಲ್ಲಿ ಫಿಟ್ಟರು. ರಾತ್ರಿಪಾಳಿ ಮುಗಿಸಿ, ಮಲಗುವುದನ್ನು ಬಿಟ್ಟು ಬಂದಿದ್ದರು. ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಹಾದುಹೋಗುವ ಪ್ರತಿಯೊಂದು ಕಾರಿನ ಅಡಿಭಾಗವನ್ನು ಬಗ್ಗಿ ನೋಡುತ್ತಿದ್ದರು. “ಬಣ್ಣಾ ಏನ್ ನೋಡ್ತೀರೋ ತಮ್ಮಾ, ಹೊಟ್ಟಿ ತೆಳಗ ನೋಡ್ರಿ” ಎಂದರು. ನೋಡಿದೆವು. ಎಂಜಿನಿನ ಕೆಳಗೆ ದಪ್ಪ ಲೋಹದ ತಗಡು, ಹರಿವಾಣದಂತೆ, ಉದ್ದಕ್ಕೂ ಕಲ್ಲು ತರೆದ ಗೀರುಗಳು. ಆ ತಗಡು ಇಲ್ಲದಿದ್ದರೆ ಮೊದಲ ಬೆಟ್ಟದಲ್ಲೇ ಎಣ್ಣೆಯ ತೊಟ್ಟಿ ಒಡೆದು ಎಂಜಿನು ಸುಟ್ಟುಹೋಗುತ್ತಿತ್ತು ಎಂದು ಅವರು ಹೇಳಿದರು. ಕಾರನ್ನು ಕೆಳಗಿನಿಂದ ನೋಡಬೇಕೆಂಬುದನ್ನು ನಾವು ಕಲಿತದ್ದು ಅಂದು.

ಇನ್ನು ಓಟದ ಹುಟ್ಟಿನ ವಿಚಾರ. 1967ರ ನವೆಂಬರಿನಲ್ಲಿ ಇಂಗ್ಲೆಂಡು ತನ್ನ ಪೌಂಡಿನ ಬೆಲೆ ಇಳಿಸಿತು. ನಮ್ಮ ರೂಪಾಯಿಯ ಬೆಲೆ ಅದಕ್ಕೆ ಒಂದೂವರೆ ವರ್ಷ ಮೊದಲೇ, 1966ರ ಜೂನಿನಲ್ಲಿ, ಇಳಿದಿತ್ತು. ಆಗ ನಮ್ಮಲ್ಲಿ ಯಾರೂ ಕಾರಿನ ಓಟ ಇಡಲಿಲ್ಲ, ರೇಶನ್ನಿನ ಸಾಲು ಉದ್ದವಾಯಿತು ಅಷ್ಟೆ. ಅಲ್ಲಿ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯ ಒಡೆಯ ಸರ್ ಮ್ಯಾಕ್ಸ್ ಏಟ್ಕನ್ ಮತ್ತು ಅವರ ಸಂಗಡಿಗರು ಊಟಕ್ಕೆ ಕುಳಿತಾಗ, ಬಾಡಿದ ದೇಶದ ಮುಖ ಅರಳಿಸಲು, ಬ್ರಿಟಿಷ್ ಕಾರುಗಳ ಗಟ್ಟಿತನವನ್ನು ಪರದೇಶಗಳಿಗೆ ತೋರಿಸಲು, ಇಂಥದೊಂದು ಓಟ ಇಡಬೇಕೆಂದು ನಿಶ್ಚಯಿಸಿದರು. ಮೊದಲ ಬಹುಮಾನ ಹತ್ತು ಸಾವಿರ ಪೌಂಡು. ದಾರಿ ಗೊತ್ತುಮಾಡಿದವರು ಜ್ಯಾಕ್ ಸಿಯರ್ಸ್ ಎಂಬ ಹಳೆಯ ಓಟಗಾರರು. ಪ್ಯಾರಿಸು, ಟುರಿನ್, ಬೆಲ್‌ಗ್ರೇಡ್, ಇಸ್ತಾಂಬುಲ್, ಟೆಹರಾನ್, ಕಾಬೂಲ್, ದಿಲ್ಲಿ, ಮುಂಬಯಿ: ಇಷ್ಟು ಏಳು ಸಾವಿರ ಮೈಲು. ಇಲ್ಲಿಂದ ಚೂಸಾನ್ ಎಂಬ ಹಡಗಿನಲ್ಲಿ ಒಂಬತ್ತು ದಿನ. ಆಮೇಲೆ ಆಸ್ಟ್ರೇಲಿಯದ ಪರ್ತ್‌ನಿಂದ ಸಿಡ್ನಿಗೆ ಮತ್ತೆ ಸುಮಾರು ಮೂರು ಸಾವಿರ ಮೈಲು.

1968ರ ನವೆಂಬರು 24ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಿಂದ 98 ಕಾರುಗಳು ಹೊರಟವು. ಕಾರು ಎಂಬ ಹೆಸರಿದ್ದದ್ದೆಲ್ಲ ಅದರಲ್ಲಿತ್ತು. ಪೋರ್ಷೆ ಇತ್ತು, ರಷ್ಯದ ಮಾಸ್ಕ್ವಿಚ್ ಇತ್ತು, 1930ರ ಒಂದು ಮುದಿ ಬೆಂಟ್ಲಿಯೂ ಇತ್ತು, ಪಾಪ, ಅದು ತುರ್ಕಸ್ಥಾನವನ್ನು ದಾಟಲಿಲ್ಲ. ಹಡಗಿನಲ್ಲಿ ಜಾಗವಿದ್ದದ್ದು 72 ಕಾರುಗಳಿಗೆ ಮಾತ್ರ.

ಓಟದ ಕಟ್ಟಳೆಯನ್ನು ಮಿಲ್ಲಿನವರು ಕೂಡಲೆ ತಿಳಿಯುತ್ತಾರೆ. ದಾರಿಯುದ್ದಕ್ಕೂ ಠಾಣ್ಯಗಳು. ಪ್ರತಿ ಠಾಣ್ಯಕ್ಕೂ ಇಂತಿಷ್ಟು ಹೊತ್ತಿಗೆ ಬರಬೇಕು. ಒಂದು ನಿಮಿಷ ತಡವಾದರೆ ಒಂದು ದಂಡದ ಅಂಕ. ಬೇಗ ಬಂದರೆ ಬಹುಮಾನವಿಲ್ಲ, ತಡವಾದರೆ ಕಡಿತ. ಕೊನೆಗೆ ಯಾರ ತಲೆಯ ಮೇಲೆ ಕಡಿಮೆ ದಂಡವೋ ಅವರು ಗೆದ್ದಂತೆ. ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಗೇಟಿನಲ್ಲಿ ಕಾರ್ಡು ಒತ್ತಿದವರೆಲ್ಲ ಈ ಓಟವನ್ನು ಓಡಿದವರೇ.

ಹಿಲ್ಮನ್ ಹಂಟರಿನ ಕಡೆಗೆ ಬರೋಣ. ರೂಟ್ಸ್ ಎಂಬ ಇಂಗ್ಲಿಷ್ ಕಂಪನಿ 1966ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ಬಾಗಿಲು, ನಾಲ್ಕು ಸಿಲಿಂಡರು, 1725 ಸಿ.ಸಿ. ಎಂಜಿನು. ಗುಮಾಸ್ತರೂ ಮೇಷ್ಟ್ರುಗಳೂ ಕಂತಿನ ಮೇಲೆ ಕೊಳ್ಳುವ ಗಾಡಿ. ಕಂಪನಿಯ ಸ್ಥಿತಿಯೂ ಚೆನ್ನಾಗಿರಲಿಲ್ಲ. ಓಟದ ಹೊತ್ತಿಗೆ ಅದು ಅಮೆರಿಕದ ಕ್ರೈಸ್ಲರ್ ಕಂಪನಿಯ ಕೈಸೇರಿತ್ತು. ಎದುರಿಗೆ ನಿಂತ ಫೋರ್ಡಿನವರು ಇಂಗ್ಲೆಂಡು, ಜರ್ಮನಿ, ಆಸ್ಟ್ರೇಲಿಯ ಮೂರೂ ಕಡೆಯಿಂದ ತಂಡ ಕಟ್ಟಿಕೊಂಡು ಬಂದಿದ್ದರು. ಇವರ ಕಾರು ಗೆದ್ದೀತೆಂದು ಬಾಜಿ ಕಟ್ಟುವವರು ಹೆಚ್ಚು ಜನ ಇದ್ದಿರಲಾರರು.

ಅದರ ಚಾಲಕ ಆಂಡ್ರೂ ಕೌವನ್, ಸ್ಕಾಟ್ಲೆಂಡಿನ ಒಬ್ಬ ರೈತ. ಜತೆಗೆ ಕಾಲಿನ್ ಮಾಲ್ಕಿನ್ ಮತ್ತು ಬ್ರಯಾನ್ ಕಾಯ್ಲ್. ಕೌವನ್ನರು ಕಂಪನಿಯವರ ಮುಂದೆ ಇಟ್ಟ ಬೇಡಿಕೆ ವಿಚಿತ್ರವಾಗಿತ್ತು. ಕೊನೆಯಲ್ಲಿ ಬರುವಂಥ ಕಾರೊಂದನ್ನು ಕಟ್ಟಿಕೊಡಿ ಎಂದರಂತೆ. ಅವರ ಲೆಕ್ಕ ಹೀಗಿತ್ತು: ಇಷ್ಟು ದೂರದ ಓಟದಲ್ಲಿ ಸಿಡ್ನಿ ಮುಟ್ಟುವ ಕಾರುಗಳು ಐದಾರು ಉಳಿದರೆ ಹೆಚ್ಚು, ಆ ಐದಾರರಲ್ಲಿ ಕೊನೆಯದಾದರೂ ಚಿಂತೆಯಿಲ್ಲ, ತಲುಪಬೇಕು. ನಮ್ಮಲ್ಲಿ ದನದ ಜಾತ್ರೆಗೆ ಹೋಗುವ ರೈತ ಎತ್ತಿನ ಕೊಂಬಿನ ಬಣ್ಣ ನೋಡದೆ ಗೊರಸು ಎತ್ತಿ ನೋಡುತ್ತಾನಲ್ಲ, ಅದೇ ಬುದ್ಧಿ.

ಕೊವೆಂಟ್ರಿ ಪಟ್ಟಣದಲ್ಲಿ ಕಂಪನಿಯ ಓಟದ ಕಾರುಗಳ ಕಾರ್ಯಾಗಾರ. ಅದರ ಮುಖ್ಯ ಕೆಲಸಗಾರ ಡೆಸ್ ಓಡೆಲ್. ಅವರ ಕೈಕೆಳಗೆ ಈ ಕಾರು ತಯಾರಾಯಿತು. ಅಂಗಡಿಯಲ್ಲಿ ಮಾರುವ ಕಾರನ್ನು ಹತ್ತು ಸಾವಿರ ಮೈಲು ಬಾಳುವಂತೆ ಮಾಡುವುದೆಂದರೆ ಏನು? ಈ ಕಸುಬು ಬಲ್ಲವರು ಮಾಡುವ ಕೆಲಸವನ್ನು ಒಂದಿಷ್ಟು ಹೇಳುತ್ತೇವೆ, ಬೇಸರಿಸಬೇಡಿ. ನಮಗೆ ಕಥೆಯಲ್ಲಿ ಹೆಚ್ಚು ರುಚಿಸುವ ಭಾಗ ಇದೇ.

ಮೊದಲು ಕಾರನ್ನು ಬಿಚ್ಚಿ ಬರಿಯ ಕವಚ ಉಳಿಸಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ತಗಡಿಗೆ ತಗಡನ್ನು ಅಲ್ಲಲ್ಲಿ ಚುಕ್ಕಿ ಇಟ್ಟಂತೆ ಬೆಸೆದಿರುತ್ತಾರೆ; ಊರ ರಸ್ತೆಗೆ ಅಷ್ಟು ಸಾಕು. ತಿಂಗಳುಗಟ್ಟಲೆ ಹಳ್ಳದಿಣ್ಣೆಯಲ್ಲಿ ಕುಕ್ಕಿದರೆ ಆ ಚುಕ್ಕಿಗಳ ನಡುವೆ ತಗಡು ಬಿರಿಯುತ್ತದೆ. ಆದ್ದರಿಂದ ಅಂಚಿನುದ್ದಕ್ಕೂ ಮತ್ತೆ ಬೆಸುಗೆ ಹಾಕುತ್ತಾರೆ, ಸ್ಪ್ರಿಂಗು ಕೂರುವಲ್ಲಿ ಎರಡನೆಯ ತಗಡು ಕೊಡುತ್ತಾರೆ. ಹರಿದ ಮೇಲೆ ತೇಪೆ ಹಾಕುವುದಕ್ಕೂ ಹರಿಯುವ ಮೊದಲೇ ಇಮ್ಮಡಿ ಹೊಲಿಗೆ ಹಾಕುವುದಕ್ಕೂ ಇರುವಷ್ಟು ವ್ಯತ್ಯಾಸ.

ಆಮೇಲೆ ಎಂಜಿನು. ಓಟದ ಎಂಜಿನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಹೆಚ್ಚು ಬಿಗಿಯಾಗಿ ಒತ್ತುತ್ತಾರೆ, ಒತ್ತಿದಷ್ಟೂ ಬಲ. ಆದರೆ ಆ ಕಾಲಕ್ಕೆ ಪೂರ್ವದ ದಾರಿಯಲ್ಲಿ ಸಿಗುತ್ತಿದ್ದದ್ದು ಕೀಳು ದರ್ಜೆಯ ಪೆಟ್ರೋಲು. ಅಂಥದ್ದನ್ನು ಬಿಗಿಯಾಗಿ ಒತ್ತಿದರೆ, ಕಿಡಿಯಿಂದ ಹತ್ತಿದ ಉರಿ ಹದವಾಗಿ ಹರಡುವ ಮೊದಲೇ ಉಳಿದ ಆವಿ ತಾನಾಗಿ ಒಮ್ಮೆಗೇ ಸಿಡಿಯುತ್ತದೆ. ಮಗ್ಗದಲ್ಲಿ ಲಾಳಿಯ ಹೊಡೆತ ಹೊತ್ತಿಗೆ ಮುಂಚೆ ಬಿದ್ದರೆ ಹಾಸು ಹರಿಯುತ್ತದಲ್ಲ, ಹಾಗೆ. ಇಲ್ಲಿ ಹರಿಯುವುದು ಪಿಸ್ಟನ್ನು. ಹಾಗಾಗಿ ದೂರದ ಓಟಕ್ಕೆ ಎಂಜಿನು ಕಟ್ಟುವ ಜಾಣರು ಬಲವನ್ನು ಸ್ವಲ್ಪ ಬೇಕೆಂದೇ ಬಿಟ್ಟುಕೊಡುತ್ತಾರೆ. ಹಂಟರಿಗೂ ಅದೇ ವಂಶದ ಚುರುಕು ಎಂಜಿನನ್ನೇ ಕೂರಿಸಿದ್ದರೂ ಗುರಿ ವೇಗದ ಮೇಲೆ ಇರಲಿಲ್ಲ.

ಇನ್ನು ಧೂಳು. ಹತ್ತಿಯ ಧೂಳಿನಲ್ಲಿ ಇಪ್ಪತ್ತು ವರ್ಷ ದುಡಿದವರ ಕೆಮ್ಮನ್ನು ಕೇಳಿದವರಿಗೆ ಯಂತ್ರದ ಕೆಮ್ಮೂ ತಿಳಿಯುತ್ತದೆ. ನುಣ್ಣನೆಯ ಮಣ್ಣು ಎಂಜಿನಿನ ಒಳಹೊಕ್ಕು ಎಣ್ಣೆಯೊಡನೆ ಕಲೆತರೆ ಅರೆಯುವ ಹಿಟ್ಟಾಗುತ್ತದೆ. ಅದಕ್ಕೆ ದೊಡ್ಡ ಶೋಧಕಗಳು. ಒಡೆಯಬಾರದ ಚಕ್ರ, ಗಟ್ಟಿಯ ಸ್ಪ್ರಿಂಗು, ಹೆಚ್ಚಿನ ಪೆಟ್ರೋಲ್ ಟಾಂಕಿ, ರಾತ್ರಿಗೆ ಸಾಲು ದೀಪ, ಹೊಟ್ಟೆಯ ಕೆಳಗೆ ಫಿಟ್ಟರಣ್ಣ ತೋರಿಸಿದ ತಗಡು. ಹಂಟರಿನ ಮೂತಿಗೆ, ಅಡ್ಡಬರುವ ಕಾಂಗರೂಗಳನ್ನು ತಡೆಯಲು, ಕಬ್ಬಿಣದ ಸರಳುಗಳ ಜಾಲರಿ. ಇಷ್ಟೆಲ್ಲ ಏರಿಸಿದರೆ ಭಾರವೂ ಏರುತ್ತದೆ, ಭಾರವೇ ಮತ್ತೆ ಸ್ಪ್ರಿಂಗನ್ನು ಮುರಿಯುತ್ತದೆ. ಯಾವುದನ್ನು ಹೊರಬೇಕು, ಯಾವುದನ್ನು ಬಿಡಬೇಕು ಎಂದು ತೂಗಿ ನೋಡುವುದರಲ್ಲಿ ಕೆಲಸಗಾರನ ಪರೀಕ್ಷೆ. ಊರಿಂದ ಮುಂಬಯಿಗೆ ಬರುವಾಗ ತಾಯಂದಿರು ಕಟ್ಟಿಕೊಟ್ಟ ಗಂಟನ್ನು ನೆನೆಸಿಕೊಳ್ಳಿ. ಅದರಲ್ಲಿ ಅರ್ಧ ದಾರಿಯಲ್ಲೇ ಬೇಡವಾಗಿತ್ತು. ಉಪ್ಪಿನಕಾಯಿ ಮಾತ್ರ ಆರು ತಿಂಗಳು ಬಂತು.

ಓಟ ನಡೆದ ಬಗೆ ಹೀಗೆ. ತುರ್ಕಸ್ಥಾನದ ಸಿವಾಸ್‌ನಿಂದ ಎರ್ಜಿಂಜಾನ್‌ವರೆಗಿನ ಬೆಟ್ಟದಾರಿ ಮೊದಲನೆಯ ಕಠಿಣ ಪರೀಕ್ಷೆ. ಅಲ್ಲಿ ಇಂಗ್ಲೆಂಡಿನ ರೋಜರ್ ಕ್ಲಾರ್ಕ್ ತಮ್ಮ ಲೋಟಸ್ ಕಾರ್ಟಿನಾವನ್ನು ಗಂಟೆಗೆ ಹತ್ತಿರ ಹತ್ತಿರ ಅರುವತ್ತು ಮೈಲಿನ ಸರಾಸರಿಯಲ್ಲಿ ಹಾರಿಸಿಕೊಂಡು ಹೋಗಿ ಎಲ್ಲರಿಗಿಂತ ಮುಂದಾದರು. ಅಫಘಾನಿಸ್ಥಾನದಲ್ಲಿ ಕಾಬೂಲಿನಿಂದ ಸರೋಬಿಗೆ ಹೊಸ ರಸ್ತೆ ಇದ್ದರೂ ಬೇಕೆಂದೇ ಲತಾಬಂದ್ ಕಣಿವೆಯ ಹಳೆಯ ದಾರಿಗೆ ಕಾರುಗಳನ್ನು ನೂಕಿದರು. ಅಲ್ಲಿಂದ ಖೈಬರ್ ದಾಟಿ, ಪಾಕಿಸ್ತಾನ ದಾಟಿ ದಿಲ್ಲಿ. ದಿಲ್ಲಿಯಿಂದ ಮುಂಬಯಿಗೆ ಊರೂರಿನಲ್ಲಿ ಜನರ ಗೋಡೆ. ಮುಂಬಯಿ ಮುಟ್ಟಿದಾಗ ಕ್ಲಾರ್ಕರೇ ಮೊದಲು. ನಾವು ಮೂವರು ಹುಡುಗರು ಕಾರ್ಟಿನಾದ ಪಕ್ಷ ಹಿಡಿದದ್ದೂ ಅದಕ್ಕೇ. ಹಂಟರ್ ನಮ್ಮ ಮುಂದೆಯೇ ಹಾದುಹೋಯಿತೋ ಏನೋ, ನಾವು ಗುರುತಿಸಲಿಲ್ಲ.

ಆಸ್ಟ್ರೇಲಿಯದಲ್ಲಿ ಕಥೆ ತಿರುಗಿತು. ಕ್ಲಾರ್ಕರ ಎಂಜಿನಿನ ಪಿಸ್ಟನ್ನು ಕೆಟ್ಟಿತು. ಫೋರ್ಡಿನದೇ ಇನ್ನೊಬ್ಬ ಓಟಗಾರನ ಕಾರಿನಿಂದ ಭಾಗಗಳನ್ನು ಕಿತ್ತು ಇದಕ್ಕೆ ಜೋಡಿಸಿ ಹೊರಟರು. ಮುಂದೆ ಹಿಂಬದಿಯ ಅಚ್ಚಿನ ಹಲ್ಲುಚಕ್ರಗಳು ನುಗ್ಗಾದವು. ಮರುಭೂಮಿಯಂಥ ಕಡೆ ಇನ್ನೇನು ಮುಗಿಯಿತು ಎನ್ನುವಾಗ ದಾರಿಯ ಬದಿಯಲ್ಲಿ ಯಾರೋ ಒಬ್ಬನ ಸ್ವಂತ ಕಾರ್ಟಿನಾ ನಿಂತಿರುವುದು ಕಂಡಿತು. ಆತ ಮೊದಲು ಒಪ್ಪಲಿಲ್ಲ. ಯಾರು ತಾನೇ ಒಪ್ಪಿಯಾರು? ಕೊನೆಗೆ ಹೇಗೋ ಒಪ್ಪಿಸಿ ಆ ಕಾರಿನ ಅಚ್ಚನ್ನೇ ಕೊಂಡು, ಬಿಚ್ಚಿ, ತಮ್ಮದಕ್ಕೆ ಹಾಕಿಕೊಂಡರು. ಎಂಬತ್ತು ನಿಮಿಷ ಹೋಯಿತು. ಎಲ್ಲರಿಗಿಂತ ಚುರುಕಾದ ಕಾರು ಕಡೆಗೆ ಹತ್ತನೆಯದಾಗಿ ಬಂತು. ಅಚ್ಚು ಮಾರಿದ ಆ ಪುಣ್ಯಾತ್ಮ ಮನೆಗೆ ಹೇಗೆ ಹೋದನೋ ಎಂದು ನಾವು ಇಂದಿಗೂ ಯೋಚಿಸುವುದುಂಟು.

ಈಗ ಮುಂದಿದ್ದವರು ಬೆಲ್ಜಿಯಮ್ಮಿನ ಲೂಸಿಯನ್ ಬಿಯಾಂಕಿ ಮತ್ತು ಫ್ರಾನ್ಸಿನ ಓಜಿಯೆ, ಸಿಟ್ರನ್ ಕಾರಿನಲ್ಲಿ. ಎರಡನೆಯ ಸ್ಥಾನದಲ್ಲಿದ್ದ ಜರ್ಮನ್ ಫೋರ್ಡು ಒಂದು ಗೇಟಿನ ಕಂಬಕ್ಕೆ ಬಡಿದು ಹಿಂದೆ ಬಿತ್ತು. ಸದ್ದಿಲ್ಲದೆ ಮೇಲೇರಿದ್ದು ಹಂಟರ್. ಸಿಡ್ನಿಗೆ ಇನ್ನು 98 ಮೈಲು ಉಳಿದಿದೆ, ನೌರಾ ಎಂಬ ಊರು ಹತ್ತಿರ ಬಂದಿದೆ, ಗೆಲುವು ಬಿಯಾಂಕಿಯವರ ಅಂಗೈಯಲ್ಲಿದೆ. ಅಷ್ಟರಲ್ಲಿ ಎದುರಿನಿಂದ ಬಂದ ಸಣ್ಣ ಮಿನಿ ಕಾರೊಂದಕ್ಕೆ ಮುಖಾಮುಖಿ ಡಿಕ್ಕಿ. ಸಿಟ್ರನ್ ನುಚ್ಚುನೂರು. ಇಬ್ಬರೂ ಆಸ್ಪತ್ರೆಗೆ.

ಹಿಂದಿನಿಂದ ಮೊದಲು ಬಂದ ಪ್ಯಾಡಿ ಹಾಪ್‌ಕರ್ಕ್ ಕಾರು ನಿಲ್ಲಿಸಿದರು. 1964ರ ಮಾಂಟೆ ಕಾರ್ಲೊ ಓಟ ಗೆದ್ದ ದೊಡ್ಡ ಹೆಸರಿನ ಓಟಗಾರ, ಇಲ್ಲಿ ಆಸ್ಟಿನ್ 1800 ನಡೆಸುತ್ತಿದ್ದವರು, ಗೆಲ್ಲುವ ಸಾಲಿನಲ್ಲಿಯೇ ಇದ್ದವರು. ಗಡಿಯಾರ ಓಡುತ್ತಿದೆ, ನಿಮಿಷಕ್ಕೆ ಒಂದು ಅಂಕ. ಅವರು ಇಳಿದು ಬೆಂಕಿ ಆರಿಸಿದರು, ಗಾಯಾಳುಗಳನ್ನು ನೋಡಿಕೊಂಡರು. ಅವರ ಬೆನ್ನಿಗೇ ಬಂದ ಕೌವನ್ನರೂ ನಿಧಾನಿಸಿದರು. ಇಲ್ಲಿ ಎಲ್ಲ ಸರಿಯಾಗಿದೆ, ನೀವು ಹೋಗಿ ಎಂದು ಕೈಬೀಸಿದರು. ದೈವವಶದಿಂದ ಆ ಹಂತದಲ್ಲಿ ಇಬ್ಬರಿಗೂ ದಂಡ ಬೀಳಲಿಲ್ಲ. ಡಿಸೆಂಬರು 17ರಂದು ಸಿಡ್ನಿಯಲ್ಲಿ ಲೆಕ್ಕ ಹಾಕಿದಾಗ ಹಂಟರಿಗೆ 50 ದಂಡದ ಅಂಕ, ಹಾಪ್‌ಕರ್ಕರ ಆಸ್ಟಿನ್ನಿಗೆ 56, ಮೂರನೆಯದಾದ ಆಸ್ಟ್ರೇಲಿಯದ ಫೋರ್ಡ್ ಫಾಲ್ಕನ್ನಿಗೆ 62. ಐದಾರು ಕಾರು ಉಳಿದೀತೆಂಬ ಕೌವನ್ನರ ಅಂದಾಜು ಮಾತ್ರ ಸುಳ್ಳಾಯಿತು. 56 ಕಾರುಗಳು ತಲುಪಿದವು. ನಾಲ್ಕು ಹೊರಟ ಮಾಸ್ಕ್ವಿಚ್‌ಗಳಲ್ಲಿ ನಾಲ್ಕೂ ಬಂದವು, ಅದನ್ನು ಪತ್ರಿಕೆಗಳು ಬಹಳ ಬರೆಯಲಿಲ್ಲ.

ಬಿಯಾಂಕಿ ಆ ಗಾಯದಿಂದ ಎದ್ದರು. ಆದರೆ 1969ರ ಮಾರ್ಚಿನಲ್ಲಿ ಲ ಮಾನ್ ಓಟದ ಹಾದಿಯಲ್ಲಿ ಕಾರು ಪರೀಕ್ಷಿಸುವಾಗ ತೀರಿಕೊಂಡರು. ಕೌವನ್ ಮತ್ತೆ 1977ರಲ್ಲಿ ಅದೇ ಲಂಡನ್ ಸಿಡ್ನಿ ಓಟವನ್ನು ಗೆದ್ದರು, ಆ ಸಲ ಮರ್ಸಿಡಿಸ್‌ನಲ್ಲಿ, 2019ರಲ್ಲಿ ನಿಧನರಾದರು. ಹಂಟರಿನ ಆಯುಷ್ಯ ಎಲ್ಲರಿಗಿಂತ ಗಟ್ಟಿ. ಇರಾನಿನವರು 1967ರಿಂದಲೇ ಅದನ್ನು ತಮ್ಮಲ್ಲಿ ಕಟ್ಟಿ ಪೇಕಾನ್ ಎಂದು ಕರೆದರು, ಅವರ ಮಾತಿನಲ್ಲಿ ಬಾಣ ಎಂದು ಅರ್ಥ. ಇಂಗ್ಲೆಂಡಿನವರು ಈ ಕಾರನ್ನು ಮರೆತು ಎಷ್ಟೋ ಕಾಲವಾದ ಮೇಲೂ, 2005ರವರೆಗೆ, ಟೆಹರಾನಿನ ಕಾರ್ಖಾನೆಯಿಂದ ಪೇಕಾನ್‌ಗಳು ಹೊರಬರುತ್ತಲೇ ಇದ್ದವು. ಅಲ್ಲಿ ಅದು ಟ್ಯಾಕ್ಸಿಯವನ ಕಾರು, ನಮ್ಮ ಕಾಲಿ ಪೀಲಿಯ ಫಿಯೆಟ್ ಇದ್ದ ಹಾಗೆ.

ಹಂಟರ್ ಹುಟ್ಟಿದ ಕೊವೆಂಟ್ರಿಯ ಬಳಿಯ ರೈಟನ್ ಕಾರ್ಖಾನೆ ಕೈಯಿಂದ ಕೈಗೆ ಹೋಗಿ 2006ರಲ್ಲಿ ಬಾಗಿಲು ಹಾಕಿತು. ಆ ಸುದ್ದಿ ಓದಿದ ದಿನ ನಮಗೆ ಪರಳ ನೆನಪಾಯಿತು. ಫಿಟ್ಟರಣ್ಣನ ಮಿಲ್ಲು 1982ರ ಮುಷ್ಕರದ ತರುವಾಯ ತೆರೆಯಲಿಲ್ಲ. ಅವರು ಪ್ರಾವಿಡೆಂಟ್ ಫಂಡಿನ ಕಾಗದಕ್ಕಾಗಿ ಬಹಳ ಅಲೆದು ಊರಿಗೆ ಹೋದರು. ಹೋಗುವಾಗ ತಮ್ಮ ಪಾನಾಗಳ ಚೀಲವನ್ನು ಮಾರಲಿಲ್ಲ, ಒಯ್ದರು.

ಓಟದ ಫಲಿತಾಂಶ ಪತ್ರಿಕೆಯಲ್ಲಿ ಬಂದ ರಾತ್ರಿಯ ಮಾತು ಹೇಳಿ ಮುಗಿಸುತ್ತೇವೆ. ಶಾಲೆಗೆ ಹೋಗುವ ಮುಂಚೆ, ಚಾಳಿನ ಮೆಟ್ಟಿಲ ಮೇಲೆ ಕುಳಿತು, ಹೋಟೆಲಿಗೆ ಬರುತ್ತಿದ್ದ ಪತ್ರಿಕೆಯಿಂದ ನಾವು ಅಕ್ಷರ ಕೂಡಿಸಿ ಓದಿ ಹೇಳಿದೆವು. ಕಾರ್ಟಿನಾ ಸೋತದ್ದಕ್ಕೆ ನಮಗೆ ಅಳುವೇ ಬಂದಿತ್ತು. ಫಿಟ್ಟರಣ್ಣ ಕೇಳಿದರು: “ಗೆದ್ದಾಂವ ಎಷ್ಟ್ ತಡಾ ಮಾಡ್ಯಾನ?”

“ಹತ್ತು ಸಾವಿರ ಮೈಲಿಗೆ ಐವತ್ತು ನಿಮಿಷ” ಎಂದೆವು.

ಅವರು ಸ್ವಲ್ಪ ಹೊತ್ತು ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ, “ಗಾಡಿ ಕಟ್ಟಿದವ್ರ ಹೆಸರು ಕೊಟ್ಟಾರೇನು, ನೋಡ್ರಿ” ಎಂದರು. ನಾವು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ಹುಡುಕಿದೆವು. ಓಡಿಸಿದ ಮೂವರ ಹೆಸರಿತ್ತು, ಕಂಪನಿಯ ಹೆಸರಿತ್ತು, ಬಹುಮಾನ ಕೊಟ್ಟ ಪತ್ರಿಕೆಯ ಹೆಸರಿತ್ತು. ಓಡೆಲ್ಲರ ಹೆಸರನ್ನು ನಾವು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರ ಕೈಕೆಳಗೆ ಬೋಲ್ಟು ಬಿಗಿದವರ ಹೆಸರು ಇಂದಿಗೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

“ಇಲ್ಲ ಅಣ್ಣಾ” ಎಂದೆವು.

ಅಷ್ಟರಲ್ಲಿ ಭೋಂಗಾ ಆಯಿತು. ಫಿಟ್ಟರಣ್ಣ ಡಬ್ಬ ಎತ್ತಿಕೊಂಡು ಪಾಳಿಗೆ ಹೋದರು.